ಸ್ನ್ಯಾಪ್‌ಶಾಟ್ ಕಳೆದುಕೊಳ್ಳದೆ ಬಿಟಿಆರ್‌ಎಫ್‌ಎಸ್ ಅನ್ನು ಹೊಸ ಡಿಸ್ಕಿಗೆ ಸಾಗಿಸುವುದು ಹೇಗೆ?

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ಓಪನ್‌ಸೂಸೆ ಟಂಬಲ್‌ವೀಡ್ ಲಿನಕ್ಸ್ ಇದೆ. 512 ಜಿಬಿಯ ಸಾಟಾ ಎಸ್‌ಎಸ್‌ಡಿ, ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್, ಸ್ನ್ಯಾಪರ್ ಎಂಬ ಉಪಕರಣ ತೆಗೆದಿಟ್ಟ 42 ಸ್ನ್ಯಾಪ್‌ಶಾಟ್ (ಆಯಾ ಹೊತ್ತಿನ ಸಿಸ್ಟಮ್ ಸ್ಥಿತಿ). ಒಟ್ಟು ಬಳಕೆ 262 ಜಿಬಿ. 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ ತಂದು, ಆರ್‌ಸಿಂಕ್‌ನಿಂದ ಎಲ್ಲವನ್ನೂ ನಕಲು ಮಾಡಲು ಹೋದೆ. ಹೊಸ ಡಿಸ್ಕ್ ಪೂರ್ತಿ ತುಂಬಿ ಕೆಲಸ ಅರ್ಧಕ್ಕೆ ನಿಂತಿತು. 262 ಜಿಬಿ ಡೇಟಾ 1 ಟಿಬಿಯನ್ನು ತುಂಬಿಸುವುದು ಹೇಗೆ? ಸ್ನ್ಯಾಪ್‌ಶಾಟ್‌ಗಳ ಸಮೇತ ಸಾಗಿಸಲು ಸರಿಯಾದ ದಾರಿ ಯಾವುದು?

ಉತ್ತರ: ಒಂದೇ ಜಮೀನಿನ ಪಹಣಿಯಲ್ಲಿ ಹತ್ತು ಜನರ ಹೆಸರಿದೆ ಎಂದುಕೊಳ್ಳಿ. ಹೆಸರಿಗೊಂದರಂತೆ ಎಣಿಸುತ್ತ ಹೋದರೆ ಎರಡು ಎಕರೆ ಇಪ್ಪತ್ತು ಎಕರೆಯಾಗುತ್ತದೆ. ಆರ್‌ಸಿಂಕ್ ಮಾಡಿದ್ದು ಇದೇ ಎಣಿಕೆ. ಬಿಟಿಆರ್‌ಎಫ್‌ಎಸ್‌ನಲ್ಲಿ ಸ್ನ್ಯಾಪ್‌ಶಾಟ್ ಎಂದರೆ ನಕಲಲ್ಲ. ಡಿಸ್ಕಿನಲ್ಲಿ ಆಗಲೇ ಇರುವ ಡೇಟಾ ತುಣುಕುಗಳ ಮೇಲೆ ಇನ್ನೊಂದು ಹಕ್ಕು. ಫೈಲ್ ಬದಲಾದಾಗ ಮಾತ್ರ ಹೊಸ ತುಣುಕು ಬೇರೆ ಜಾಗದಲ್ಲಿ ಬರೆಯಲ್ಪಡುತ್ತದೆ, ಹಳೆಯದು ಸ್ನ್ಯಾಪ್‌ಶಾಟಿನ ಪಾಲಿಗೆ ಉಳಿಯುತ್ತದೆ. ಆರ್‌ಸಿಂಕ್, ಸಿಪಿ, ಟಾರ್ ಇವ್ಯಾವುದಕ್ಕೂ ಈ ಹಂಚಿಕೆ ಕಾಣುವುದಿಲ್ಲ. ಅವುಗಳ ಕಣ್ಣಿಗೆ 42 ಬೇರೆ ಬೇರೆ ಫೋಲ್ಡರ್‌ಗಳಿವೆ, ಅಷ್ಟೆ.

ನಿಮ್ಮ ರೂಟ್ 18 ಜಿಬಿ, ಹೋಮ್ 210 ಜಿಬಿ, ಸ್ನ್ಯಾಪ್‌ಶಾಟ್‌ಗಳು ಹಿಡಿದಿಟ್ಟ ಹಳೆಯ ತುಣುಕುಗಳು 34 ಜಿಬಿ ಎಂದು ಇಟ್ಟುಕೊಳ್ಳಿ, ಕೂಡಿದರೆ 262. ಆರ್‌ಸಿಂಕ್ ಲೆಕ್ಕದಲ್ಲಿ 42 ಸ್ನ್ಯಾಪ್‌ಶಾಟ್ ತಲಾ 18ರಂತೆ 756, ಜೊತೆಗೆ ರೂಟ್ 18, ಹೋಮ್ 210, ಒಟ್ಟು 984. 1 ಟಿಬಿ ಎಂದು ಮಾರುವ ಡಿಸ್ಕಿನಲ್ಲಿ ಲಿನಕ್ಸ್ ತೋರಿಸುವುದು ಸುಮಾರು 931. ತುಂಬದೆ ಏನಾದೀತು? ಜಾಗ ಸಾಕಾಗಿದ್ದರೂ ಪ್ರಯೋಜನವಿರಲಿಲ್ಲ ಎನ್ನುವುದು ಇನ್ನೂ ಮುಖ್ಯ: ಹಾಗೆ ನಕಲಾದವು ಬರೀ ಫೋಲ್ಡರ್‌ಗಳು. ಸ್ನ್ಯಾಪರ್ ಅವನ್ನು ಸ್ನ್ಯಾಪ್‌ಶಾಟ್ ಎಂದು ಒಪ್ಪುವುದಿಲ್ಲ, ರೋಲ್‌ಬ್ಯಾಕ್ (ಹಳೆಯ ಸ್ಥಿತಿಗೆ ಮರಳುವುದು) ನಡೆಯುವುದಿಲ್ಲ.

ಹಾಗಾಗಿ ಫೈಲ್‌ಗಳನ್ನು ಸಾಗಿಸಬೇಡಿ. ಫೈಲ್‌ಸಿಸ್ಟಮ್ ಇದ್ದಂತೆಯೇ ಇರಲಿ, ಅದರ ಕೆಳಗಿನ ಡಿಸ್ಕನ್ನು ಬದಲಿಸಿ. ಇದಕ್ಕೆಂದೇ ಬಿಟಿಆರ್‌ಎಫ್‌ಎಸ್‌ನಲ್ಲಿ 'ರಿಪ್ಲೇಸ್' ಇದೆ. ಅದು ಲಿನಕ್ಸ್ 3.8ರ ಜೊತೆ 2013ರಲ್ಲಿ ಬಂತು. ಅದಕ್ಕೂ ಹಿಂದಿನ ಬರಹಗಳು ಹೊಸ ಡಿಸ್ಕ್ ಸೇರಿಸಿ ಹಳೆಯದನ್ನು ತೆಗೆಯುವ ಸುತ್ತುದಾರಿಯನ್ನೇ ಹೇಳುತ್ತವೆ. ಆ ವಿಷಯ ಮುಂದೆ ಬರುತ್ತದೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಎಲ್ಲವನ್ನೂ ರೂಟ್ ಅಧಿಕಾರದಲ್ಲಿ ನಡೆಸಬೇಕು.

ಮೊದಲು ಬ್ಯಾಕಪ್

ರಿಪ್ಲೇಸ್ ಮುಗಿದ ಕ್ಷಣ ಹಳೆಯ ಡಿಸ್ಕಿನ ಸೂಪರ್‌ಬ್ಲಾಕ್, ಅಂದರೆ ಫೈಲ್‌ಸಿಸ್ಟಮಿನ ಗುರುತಿನ ದಾಖಲೆ, ಅಳಿಸಿಹೋಗುತ್ತದೆ. ಒಂದೇ ಗುರುತಿನ ಎರಡು ಡಿಸ್ಕ್ ಇದ್ದು ಕರ್ನಲ್ ಗೊಂದಲಕ್ಕೆ ಬೀಳಬಾರದೆಂದು ಬೇಕೆಂದೇ ಹಾಗೆ ಮಾಡಲಾಗಿದೆ. 'ಹೊಸದು ಕೈಕೊಟ್ಟರೆ ಹಳೆಯದನ್ನು ಮತ್ತೆ ಹಾಕಿಕೊಂಡರಾಯಿತು' ಎಂಬ ಭರವಸೆ ಇಲ್ಲಿ ನಡೆಯದು. ಹೋಮ್‌ನಲ್ಲಿರುವ ಮುಖ್ಯ ಫೈಲ್‌ಗಳು ಮೂರನೆಯ ಒಂದು ಡಿಸ್ಕಿನಲ್ಲಿ ಇರಲೇಬೇಕು.

ಬಳಿಕ ಹಳೆಯ ಡಿಸ್ಕಿನ ಆರೋಗ್ಯ ನೋಡಿ:

ಬಿಟಿಆರ್‌ಎಫ್‌ಎಸ್ ಸ್ಕ್ರಬ್ ಸ್ಟಾರ್ಟ್ /
ಬಿಟಿಆರ್‌ಎಫ್‌ಎಸ್ ಸ್ಕ್ರಬ್ ಸ್ಟೇಟಸ್ /
ಬಿಟಿಆರ್‌ಎಫ್‌ಎಸ್ ಡಿವೈಸ್ ಸ್ಟ್ಯಾಟ್ಸ್ /

ಸ್ಕ್ರಬ್ ಪ್ರತಿ ತುಣುಕನ್ನೂ ಓದಿ ಚೆಕ್‌ಸಮ್ (ಡೇಟಾ ಕೆಟ್ಟಿಲ್ಲವೆಂದು ತೋರಿಸುವ ಲೆಕ್ಕಸಂಖ್ಯೆ) ತಾಳೆ ನೋಡುತ್ತದೆ. ಡಿವೈಸ್ ಸ್ಟ್ಯಾಟ್ಸ್‌ನ ಐದೂ ಸಾಲುಗಳಲ್ಲಿ ಸೊನ್ನೆ ಇರಬೇಕು. ಸರಿಪಡಿಸಲಾಗದ ದೋಷ ಸಿಕ್ಕರೆ ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸ್ಗ್ ಕಮಾಂಡಿನಲ್ಲಿ ಫೈಲಿನ ಹೆಸರು ಬರುತ್ತದೆ. ಆ ಫೈಲನ್ನು ಬ್ಯಾಕಪ್‌ನಿಂದ ಮರಳಿ ಪಡೆಯುವುದೋ ಅಳಿಸುವುದೋ ಈಗಲೇ ತೀರ್ಮಾನಿಸಿ. ಅದೇ ಫೈಲ್ ಸ್ನ್ಯಾಪ್‌ಶಾಟ್‌ಗಳಲ್ಲೂ ಇದ್ದರೆ, ಅವೂ ಅದೇ ಕೆಟ್ಟ ತುಣುಕನ್ನು ಹಿಡಿದುಕೊಂಡಿರುತ್ತವೆ. ರೂಟ್‌ನಲ್ಲಿ ಮಾತ್ರ ಅಳಿಸಿದರೆ ದೋಷ ಹೋಗದು.

ಹೊಸ ಡಿಸ್ಕಿನ ತಯಾರಿ

ಎಲ್‌ಎಸ್‌ಬಿಎಲ್‌ಕೆ ಕಮಾಂಡಿನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ನೋಡಿ ಹೊಸ ಡಿಸ್ಕ್ ಯಾವುದೆಂದು ಖಚಿತಪಡಿಸಿಕೊಳ್ಳಿ. ಆರ್‌ಸಿಂಕ್ ಮಾಡಿದ ಫೈಲ್‌ಸಿಸ್ಟಮ್ ಅದರಲ್ಲಿ ಇನ್ನೂ ಮೌಂಟ್ ಆಗಿದ್ದರೆ ಅನ್‌ಮೌಂಟ್ ಮಾಡಿ, ವೈಪ್‌ಎಫ್‌ಎಸ್‌ನಿಂದ ಹಳೆಯ ಗುರುತು ಅಳಿಸಿ, ಜಿಡಿಸ್ಕ್‌ನಲ್ಲಿ ಮೂರು ಪಾರ್ಟಿಷನ್ ಮಾಡಿ: ಬೂಟ್ ಫೈಲ್‌ಗಳಿರುವ ಇಎಫ್‌ಐಗೆ 512 ಎಂಬಿ, ಸ್ವಾಪ್‌ಗೆ 16 ಜಿಬಿ, ಉಳಿದದ್ದೆಲ್ಲ ಬಿಟಿಆರ್‌ಎಫ್‌ಎಸ್‌ಗೆ. ಮೂರನೆಯ ಪಾರ್ಟಿಷನ್ ಹಳೆಯದರಷ್ಟಾದರೂ ದೊಡ್ಡದಿರಬೇಕು. ಅದನ್ನು ಫಾರ್ಮ್ಯಾಟ್ ಮಾಡಬೇಡಿ. ರಿಪ್ಲೇಸ್‌ಗೆ ಬೇಕಾದದ್ದು ಖಾಲಿ ಪಾರ್ಟಿಷನ್.

ಮೊದಲ ಎರಡನ್ನು ಫಾರ್ಮ್ಯಾಟ್ ಮಾಡುವಾಗ ಹಳೆಯ ಯುಯುಐಡಿಗಳನ್ನೇ, ಅಂದರೆ ಗುರುತಿನ ಸಂಖ್ಯೆಗಳನ್ನೇ, ಕೊಡಿ. ಬಿಎಲ್‌ಕೆಐಡಿ ಕಮಾಂಡ್ ಅವನ್ನು ತೋರಿಸುತ್ತದೆ. ಇಎಫ್‌ಐ ಪಾರ್ಟಿಷನ್‌ಗೆ ಎಂಕೆಎಫ್‌ಎಸ್.ಫ್ಯಾಟ್ -ಎಫ್ 32 -ಐ ಎಂದು ಬರೆದು ಎಂಟು ಅಂಕೆಯ ಹಳೆಯ ಗುರುತನ್ನು ನಡುವಿನ ಗೆರೆ ಬಿಟ್ಟು ಕೊಡಬೇಕು. ಎಫ್ ದೊಡ್ಡ ಅಕ್ಷರ, ಐ ಚಿಕ್ಕದು. ಸ್ವಾಪ್‌ಗೆ ಎಂಕೆಸ್ವಾಪ್ -ಯು, ಇಲ್ಲಿ ಯು ದೊಡ್ಡ ಅಕ್ಷರ. ಹೊಸ ಗುರುತು ಕೊಟ್ಟು ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಯಾವುದನ್ನು ಎಲ್ಲಿ ಮೌಂಟ್ ಮಾಡಬೇಕೆಂಬ ಪಟ್ಟಿ) ತಿದ್ದಿದರೆ ಸಾಲದೇ ಎಂದು ಕೇಳಬಹುದು. ಈಗಿನ ರೂಟ್‌ಗೆ ಸಾಕು, ಸ್ನ್ಯಾಪ್‌ಶಾಟ್‌ಗಳಿಗೆ ಸಾಲದು. 42 ಸ್ನ್ಯಾಪ್‌ಶಾಟ್‌ಗಳ ಒಳಗೂ ಅವುಗಳದೇ ಎಫ್‌ಎಸ್‌ಟ್ಯಾಬ್ ಇದೆ, ಹಳೆಯ ಗುರುತುಗಳೇ ಅಲ್ಲಿವೆ, ಮತ್ತು ಅವು ಓದಲಿಕ್ಕೆ ಮಾತ್ರ. ಮುಂದೊಂದು ದಿನ ಹಳೆಯ ಸ್ನ್ಯಾಪ್‌ಶಾಟಿಗೆ ಬೂಟ್ ಮಾಡಿದರೆ, ಇಲ್ಲದ ಇಎಫ್‌ಐ ಪಾರ್ಟಿಷನ್‌ಗಾಗಿ ಸಿಸ್ಟಮ್ ಆರಂಭಿಸುವ ಸಿಸ್ಟಮ್‌ಡಿ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಗುರುತು ಹಳೆಯದೇ ಇದ್ದರೆ ಈ ತೊಡಕು ಇಲ್ಲ. ಷರತ್ತು ಒಂದೇ: ಎರಡೂ ಡಿಸ್ಕ್ ಜೊತೆಯಲ್ಲಿರುವಾಗ ರೀಬೂಟ್ ಮಾಡಬೇಡಿ.

ರಿಪ್ಲೇಸ್

ಬಿಟಿಆರ್‌ಎಫ್‌ಎಸ್ ಬ್ಯಾಲೆನ್ಸ್ (ಡೇಟಾ ಮರುಹಂಚಿಕೆ), ಸ್ಕ್ರಬ್ ಟೈಮರ್‌ಗಳನ್ನು ನಿಲ್ಲಿಸಿ. ರಿಪ್ಲೇಸ್ ನಡೆಯುವಾಗ ಬ್ಯಾಲೆನ್ಸ್, ಸ್ಕ್ರಬ್, ರೀಸೈಜ್ ಯಾವುದಕ್ಕೂ ಅವಕಾಶವಿಲ್ಲ. ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಸಸ್ಪೆಂಡ್ ಆಫ್ ಮಾಡಿ, ಚಾರ್ಜರ್ ಹಾಕಿ. ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಶೋ / ಎಂದರೆ ಹಳೆಯ ಡಿಸ್ಕಿನ ಡೆವ್‌ಐಡಿ (ಫೈಲ್‌ಸಿಸ್ಟಮ್ ಆ ಡಿಸ್ಕಿಗೆ ಕೊಟ್ಟ ಸಂಖ್ಯೆ) ಸಿಗುತ್ತದೆ, ಸಾಮಾನ್ಯವಾಗಿ 1. ಆಮೇಲೆ:

ಬಿಟಿಆರ್‌ಎಫ್‌ಎಸ್ ರಿಪ್ಲೇಸ್ ಸ್ಟಾರ್ಟ್ 1 /ಡೆವ್/ಎನ್‌ವಿಎಂಇ0ಎನ್1ಪಿ3 /
ಬಿಟಿಆರ್‌ಎಫ್‌ಎಸ್ ರಿಪ್ಲೇಸ್ ಸ್ಟೇಟಸ್ /

ಸಿಸ್ಟಮ್ ಓಡುತ್ತಿರುವಾಗಲೇ ಇದು ನಡೆಯುತ್ತದೆ, ನೀವು ನಿಮ್ಮ ಕೆಲಸ ಮುಂದುವರಿಸಬಹುದು. ಆ ಹೊತ್ತಿನಲ್ಲಿ ಬರೆಯುವ ಡೇಟಾ ಎರಡೂ ಕಡೆ ಹೋಗುತ್ತದೆ. ಖಾಲಿ ಜಾಗ ನಕಲಾಗುವುದಿಲ್ಲವಾದ್ದರಿಂದ ಸೆಕೆಂಡಿಗೆ 400 ಎಂಬಿ ಓದುವ ಸಾಟಾ ಎಸ್‌ಎಸ್‌ಡಿಯಲ್ಲಿ 262 ಜಿಬಿಗೆ ಹನ್ನೊಂದು ನಿಮಿಷ ಲೆಕ್ಕ, ಪ್ರತ್ಯಕ್ಷದಲ್ಲಿ ಅದರ ಎರಡರಷ್ಟು ಹಿಡಿಯಿರಿ. ಯುಎಸ್‌ಬಿ ಎನ್‌ಕ್ಲೋಷರ್‌ನಲ್ಲಿ ಹೊಸ ಡಿಸ್ಕ್ ಇದ್ದರೆ ವೇಗ ಆ ಕೇಬಲ್‌ನದ್ದು. ಅಗ್ಗದ ಎನ್‌ಕ್ಲೋಷರ್‌ಗಳು ಬಿಸಿಯೇರಿ ನಡುವೆ ಕಡಿದುಕೊಳ್ಳುತ್ತವೆ, ಎಚ್ಚರ.

ಕರೆಂಟ್ ಹೋಗಿ ಕೆಲಸ ಅರ್ಧಕ್ಕೆ ನಿಂತರೆ ಗಾಬರಿ ಬೇಡ. ಎಲ್ಲಿಯವರೆಗೆ ಬಂತೆಂದು ಫೈಲ್‌ಸಿಸ್ಟಮ್ ಒಳಗೇ ದಾಖಲಾಗಿರುತ್ತದೆ. ಎರಡೂ ಡಿಸ್ಕ್ ಇರುವಂತೆ ಮತ್ತೆ ಮೌಂಟ್ ಆದರೆ ತಾನಾಗಿ ಮುಂದುವರಿಯುತ್ತದೆ. ಮೇಲಿನ ಷರತ್ತಿಗೆ ಇದೊಂದೇ ವಿನಾಯಿತಿ: ಇಲ್ಲಿ ಎರಡೂ ಜೊತೆಯಲ್ಲೇ ಇದ್ದು ಬೂಟ್ ಆಗಬೇಕು. ಅರ್ಧದಲ್ಲಿ ಹೊಸ ಡಿಸ್ಕ್ ಕಿತ್ತು ಬೂಟ್ ಮಾಡಿದರೆ ಮಾತ್ರ ಡಿಗ್ರೇಡೆಡ್ ಮೌಂಟ್ (ಒಂದು ಡಿಸ್ಕ್ ಇಲ್ಲದ ಸ್ಥಿತಿಯ ಮೌಂಟ್) ಎಂಬ ಬೇರೆ ತಾಪತ್ರಯ ಶುರುವಾಗುತ್ತದೆ.

ಮುಗಿದ ಮೇಲೆ ಸ್ಟೇಟಸ್‌ನಲ್ಲಿ ಬರೆಯುವ ದೋಷ 0, ಸರಿಪಡಿಸಲಾಗದ ಓದುವ ದೋಷ 0 ಎಂದು ಇರಬೇಕು. ಹೊಸ ಡಿಸ್ಕಿಗೆ ಹಳೆಯ ಡೆವ್‌ಐಡಿಯೇ ಬಂದಿರುತ್ತದೆ. ಫೈಲ್‌ಸಿಸ್ಟಮಿನ ಯುಯುಐಡಿ, ಸಬ್‌ವಾಲ್ಯೂಮ್ (ಫೈಲ್‌ಸಿಸ್ಟಮ್ ಒಳಗಿನ ಪ್ರತ್ಯೇಕ ವಿಭಾಗ) ಐಡಿಗಳು, ಡಿಫಾಲ್ಟ್ ಸಬ್‌ವಾಲ್ಯೂಮ್, ಜಾಗದ ಲೆಕ್ಕವಿಡುವ ಕೋಟಾ ಗುಂಪುಗಳು, ಎಲ್ಲವೂ ಇದ್ದಂತೆಯೇ ಇರುತ್ತವೆ. ಬದಲಾಗದೆ ಉಳಿಯುವ ಇನ್ನೊಂದು ಸಂಗತಿ ಗಾತ್ರ. ಡಿಎಫ್ ಕಮಾಂಡ್ ಹಳೆಯ ಗಾತ್ರವನ್ನೇ ತೋರಿಸಿ ನಿಮ್ಮನ್ನು ಕಂಗೆಡಿಸಬಹುದು. ಇದೊಂದು ಸಾಲು ಬೇಕು:

ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ರೀಸೈಜ್ 1:ಮ್ಯಾಕ್ಸ್ /

ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಾಗಿದ್ದರೆ ಇದೇ ರೀಸೈಜ್ ಮೊದಲು ಬರುತ್ತದೆ: ಫೈಲ್‌ಸಿಸ್ಟಮ್ ಅನ್ನು ಹೊಸ ಪಾರ್ಟಿಷನ್‌ಗಿಂತ ಒಂದೆರಡು ಜಿಬಿ ಕಡಿಮೆಗೆ ಕುಗ್ಗಿಸಿ, ಆಮೇಲೆ ರಿಪ್ಲೇಸ್ ಮಾಡಿ, ಕೊನೆಗೆ ಮ್ಯಾಕ್ಸ್ ಕೊಡಿ.

ಎನ್‌ಕ್ರಿಪ್ಷನ್ ಬೇಕಿದ್ದರೆ ಹೊಸ ಪಾರ್ಟಿಷನ್ ಮೇಲೆ ಮೊದಲು ಲಕ್ಸ್ ಮಾಡಿ ತೆರೆದು, ರಿಪ್ಲೇಸ್‌ಗೆ ಮ್ಯಾಪರ್ ಹೆಸರು ಕೊಡಬೇಕು. ಲಕ್ಸ್2 ಹೆಡರ್ 16 ಎಂಐಬಿ ತಿನ್ನುತ್ತದೆ, ಪಾರ್ಟಿಷನ್ ಅಷ್ಟಾದರೂ ಹೆಚ್ಚಿರಲಿ.

ಬೂಟ್ ಆಗಬೇಕಲ್ಲ

ಡೇಟಾ ಬಂದರೂ ಸಾಕಷ್ಟು ಜನ ಸಿಕ್ಕಿಬೀಳುವುದು ಇಲ್ಲಿ. ಹಳೆಯ ಇಎಫ್‌ಐ ಪಾರ್ಟಿಷನ್‌ನ ಫೈಲ್‌ಗಳನ್ನು ಹೊಸದಕ್ಕೆ ನಕಲು ಮಾಡಿ. ಅದು ಫ್ಯಾಟ್, ಅಲ್ಲಿ ಸಾಮಾನ್ಯ ಸಿಪಿ ಸಾಕು. ಅದರೊಳಗಿನ ಗ್ರಬ್ (ಬೂಟ್‌ಲೋಡರ್) ಸಂರಚನೆ ಬಿಟಿಆರ್‌ಎಫ್‌ಎಸ್‌ನ ಯುಯುಐಡಿ ಹಿಡಿದು ಹುಡುಕುತ್ತದೆ, ಅದು ಬದಲಾಗಿಲ್ಲದ ಕಾರಣ ತಿದ್ದುವ ಅಗತ್ಯವಿಲ್ಲ. ಆದರೆ ಮದರ್‌ಬೋರ್ಡಿನ ನೆನಪಿನಲ್ಲಿರುವ ಬೂಟ್ ನಮೂದು ಹಳೆಯ ಪಾರ್ಟಿಷನ್‌ನ ಜಿಯುಐಡಿಗೆ ಅಂಟಿಕೊಂಡಿರುತ್ತದೆ. ಇಎಫ್‌ಐಬೂಟ್‌ಎಂಜಿಆರ್‌ನಿಂದ ಹೊಸ ಡಿಸ್ಕಿನ ಮೊದಲ ಪಾರ್ಟಿಷನ್‌ಗೆ ಹೊಸ ನಮೂದು ಮಾಡಿ. ಸೆಕ್ಯೂರ್ ಬೂಟ್ ಇದ್ದರೆ ಆ ನಮೂದು ಶಿಮ್ ಎಂಬ ಸಹಿ ಇರುವ ಆರಂಭಿಕ ಬೂಟ್ ಫೈಲನ್ನು ತೋರಿಸಬೇಕು, ಗ್ರಬ್ ಅನ್ನು ಅಲ್ಲ.

ನಂತರ ಇನಿಟ್‌ಆರ್‌ಡಿ, ಅಂದರೆ ರೂಟ್ ಸಿಗುವ ಮೊದಲು ಓಡುವ ಪುಟ್ಟ ಆರಂಭಿಕ ಸಿಸ್ಟಮ್. ಅದನ್ನು ಕಟ್ಟುವುದು ಡ್ರಾಕಟ್ ಎಂಬ ಉಪಕರಣ. ಡ್ರಾಕಟ್ ಹೋಸ್ಟ್‌ಓನ್ಲಿ ವಿಧಾನದಲ್ಲಿ, ಅಂದರೆ ಈ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನು ಮಾತ್ರ ಸೇರಿಸಿ, ಇನಿಟ್‌ಆರ್‌ಡಿ ಕಟ್ಟಿದ್ದರೆ, ಸಾಟಾ ಡಿಸ್ಕಿನ ಕಾಲದಲ್ಲಿ ಕಟ್ಟಿದ್ದರಲ್ಲಿ ಎನ್‌ವಿಎಂಇ ಡ್ರೈವರ್ ಇರುವುದಿಲ್ಲ. ರೂಟ್ ಈಗ ಎನ್‌ವಿಎಂಇ ಮೇಲೆ ಕುಳಿತಿದೆ, ಸಿಸ್ಟಮ್ ಇನ್ನೂ ಓಡುತ್ತಿದೆ. ಮರುಕಟ್ಟಲು ಇದೇ ಸರಿಯಾದ ಹೊತ್ತು:

ಡ್ರಾಕಟ್ -ಎಫ್ --ರೀಜನರೇಟ್-ಆಲ್

ಇಲ್ಲಿ ಎಫ್ ಚಿಕ್ಕ ಅಕ್ಷರ. ಎಲ್‌ಎಸ್‌ಇನಿಟ್‌ಆರ್‌ಡಿ ಹೊರಹಾಕುವ ಪಟ್ಟಿಯಲ್ಲಿ ಎನ್‌ವಿಎಂಇ ಇದೆಯೇ ಎಂದು ಗ್ರೆಪ್ ಮಾಡಿ ನೋಡಿ, ಆಮೇಲೆ ಯಂತ್ರ ಆರಿಸಿ, ಹಳೆಯ ಡಿಸ್ಕ್ ತೆಗೆದು, ಹೊಸದರಿಂದ ಬೂಟ್ ಮಾಡಿ.

ಈಗ ಸ್ನ್ಯಾಪ್‌ಶಾಟ್‌ಗಳ ಕಡೆಯಿಂದ ಇದನ್ನೇ ಯೋಚಿಸಿ. ಓಪನ್‌ಸೂಸೆಯ ಗ್ರಬ್ ವ್ಯವಸ್ಥೆಯಲ್ಲಿ /ಬೂಟ್ ಕೂಡ ರೂಟ್ ಸಬ್‌ವಾಲ್ಯೂಮಿನ ಭಾಗ. ಅಂದರೆ ಪ್ರತಿ ಸ್ನ್ಯಾಪ್‌ಶಾಟಿನಲ್ಲೂ ಅದರದೇ ಕರ್ನಲ್, ಅದರದೇ ಇನಿಟ್‌ಆರ್‌ಡಿ ಇದೆ. ಗ್ರಬ್ ಮೆನುವಿನಿಂದ ಹಳೆಯ ಸ್ನ್ಯಾಪ್‌ಶಾಟ್ ಆರಿಸಿದರೆ ಓಡುವುದು ಆ ಹಳೆಯ ಇನಿಟ್‌ಆರ್‌ಡಿ. ಅದಕ್ಕೆ ಎನ್‌ವಿಎಂಇ ಗೊತ್ತಿಲ್ಲದಿದ್ದರೆ ರೂಟ್ ಸಿಗದೆ ಅಲ್ಲೇ ನಿಲ್ಲುತ್ತದೆ. ಸ್ನ್ಯಾಪ್‌ಶಾಟ್ ಒಂದು ಬೈಟೂ ಕೆಡದೆ ಬಂದಿರುತ್ತದೆ, ಆದರೂ ಬೂಟ್ ಆಗದು. ಮೊದಲೇ ತಿಳಿದುಕೊಳ್ಳಲು, /.ಸ್ನ್ಯಾಪ್‌ಶಾಟ್ಸ್/ಸಂಖ್ಯೆ/ಸ್ನ್ಯಾಪ್‌ಶಾಟ್/ಬೂಟ್ ಒಳಗಿನ ಇನಿಟ್‌ಆರ್‌ಡಿ ಮೇಲೂ ಎಲ್‌ಎಸ್‌ಇನಿಟ್‌ಆರ್‌ಡಿ ನಡೆಸಿ. ಡ್ರೈವರ್ ಇಲ್ಲದ ಸ್ನ್ಯಾಪ್‌ಶಾಟಿಗೆ ಮರಳಬೇಕಾದರೆ ಮೆನುವಿನಿಂದ ಹೋಗಬೇಡಿ. ಓಡುತ್ತಿರುವ ಸಿಸ್ಟಮ್‌ನಲ್ಲೇ ಸ್ನ್ಯಾಪರ್ ರೋಲ್‌ಬ್ಯಾಕ್ ಕೊಡಿ. ಅದು ಬರೆಯಬಹುದಾದ ಹೊಸ ಸ್ನ್ಯಾಪ್‌ಶಾಟ್ ಮಾಡುತ್ತದೆ. ರೀಬೂಟ್‌ಗೆ ಮುಂಚೆ ಅದರೊಳಗೆ ಸಿಎಚ್‌ರೂಟ್ ಮಾಡಿ (ಅದನ್ನೇ ರೂಟ್ ಎಂದು ತೆಗೆದುಕೊಂಡು) ಡ್ರಾಕಟ್ ನಡೆಸಿ. ಸಿಎಚ್‌ರೂಟ್ ಮಾಡುವಾಗ /ಡೆವ್, /ಪ್ರಾಕ್, /ಸಿಸ್ ಬೈಂಡ್ ಮೌಂಟ್ ಆಗಿರಬೇಕು. ಹೊಸ ಡಿಸ್ಕ್ ಕೂಡ ಸಾಟಾ ಆಗಿದ್ದರೆ ಈ ಇಡೀ ತಲೆನೋವಿಲ್ಲ.

ಸೆಂಡ್ ಮತ್ತು ರಿಸೀವ್ ಯಾವಾಗ?

ಹಳೆಯ ಡಿಸ್ಕ್ ಮುಟ್ಟದೆ ಉಳಿಯಬೇಕು, ಅಥವಾ ಚೆಕ್‌ಸಮ್ ವಿಧಾನ ಬದಲಿಸಿದ ಹೊಚ್ಚ ಹೊಸ ಫೈಲ್‌ಸಿಸ್ಟಮ್ ಬೇಕು, ಅಥವಾ ಹಳೆಯದರ ರಚನೆಯ ಮೇಲೆಯೇ ಅನುಮಾನವಿದೆ ಎಂದಾದರೆ ರಿಪ್ಲೇಸ್ ಒಗ್ಗದು. ಆಗ ಸ್ನ್ಯಾಪ್‌ಶಾಟ್ ಅನ್ನು ಡೇಟಾ ಪ್ರವಾಹವಾಗಿ ಕಳಿಸುವ ಸೆಂಡ್, ಆ ಕಡೆ ಅದನ್ನು ಪಡೆಯುವ ರಿಸೀವ್ ಬೇಕು. ಕೆಲಸ ಹೆಚ್ಚು, ತಪ್ಪಿಗೆ ಜಾಗವೂ ಹೆಚ್ಚು.

ಸೆಂಡ್ ಮಾಡುವುದು ಓದಲಿಕ್ಕೆ ಮಾತ್ರ ಇರುವ ಸ್ನ್ಯಾಪ್‌ಶಾಟ್‌ಗಳನ್ನು. ಮೊದಲನೆಯದು ಪೂರ್ತಿ ಹೋಗುತ್ತದೆ. ಮುಂದಿನ ಪ್ರತಿಯೊಂದಕ್ಕೂ -ಪಿ ಹಾಕಿ ಹಿಂದಿನದನ್ನು ತೋರಿಸಿದರೆ ವ್ಯತ್ಯಾಸವಷ್ಟೇ ಹೋಗಿ, ಆ ಕಡೆ ಹಂಚಿಕೆ ಮತ್ತೆ ಕಟ್ಟಿಕೊಳ್ಳುತ್ತದೆ. 123ನೆಯದನ್ನು 120ರ ಆಧಾರದಲ್ಲಿ ಕಳಿಸುವುದು ಹೀಗೆ:

ಬಿಟಿಆರ್‌ಎಫ್‌ಎಸ್ ಸೆಂಡ್ -ಪಿ /.ಸ್ನ್ಯಾಪ್‌ಶಾಟ್ಸ್/120/ಸ್ನ್ಯಾಪ್‌ಶಾಟ್ /.ಸ್ನ್ಯಾಪ್‌ಶಾಟ್ಸ್/123/ಸ್ನ್ಯಾಪ್‌ಶಾಟ್ | ಬಿಟಿಆರ್‌ಎಫ್‌ಎಸ್ ರಿಸೀವ್ /ಎಂಎನ್‌ಟಿ/ಹೊಸ/@/.ಸ್ನ್ಯಾಪ್‌ಶಾಟ್ಸ್/123

ಹೊಸ ಫೈಲ್‌ಸಿಸ್ಟಮ್ ಅನ್ನು ಸಬ್‌ವಾಲ್‌ಐಡಿ=5 ಎಂದು ಮೇಲಿನ ಮಟ್ಟದಿಂದಲೇ ಮೌಂಟ್ ಮಾಡಿ. ಒಳಗಿನ ಸಬ್‌ವಾಲ್ಯೂಮ್ ಮಾತ್ರ ಮೌಂಟ್ ಆಗಿದ್ದರೆ, ಪೇರೆಂಟ್ (-ಪಿ ತೋರಿಸಿದ ಹಿಂದಿನ ಸ್ನ್ಯಾಪ್‌ಶಾಟ್) ಡಿಸ್ಕಿನಲ್ಲಿದ್ದರೂ ಅದರ ತನಕ ದಾರಿಯಿಲ್ಲದೆ ರಿಸೀವ್ ಸೋಲುತ್ತದೆ. 123 ಎಂಬ ಫೋಲ್ಡರ್ ನೀವೇ ಮಾಡಿಡಬೇಕು. ಸ್ಕ್ರಿಪ್ಟ್ ಬರೆದರೆ ಸಂಖ್ಯಾಕ್ರಮದಲ್ಲಿ ಜೋಡಿಸಿ. ಎಲ್‌ಎಸ್ ಕೊಡುವ ಅಕ್ಷರಕ್ರಮದಲ್ಲಿ 9ಕ್ಕಿಂತ 10 ಮೊದಲು ಬಂದು ಸರಪಳಿ ತಿರುಚಿಕೊಳ್ಳುತ್ತದೆ. -ಪಿ ಮರೆತರೆ ಯಾವ ದೋಷಸಂದೇಶವೂ ಬರುವುದಿಲ್ಲ, ಪ್ರತಿಯೊಂದೂ ಪೂರ್ತಿ 18 ಜಿಬಿಯಾಗಿ ಹೋಗಿ ಆರ್‌ಸಿಂಕ್‌ನ ಗತಿಯೇ ಆಗುತ್ತದೆ. ನಡುವೆ ಕಡಿದುಹೋದರೆ ಅರೆಬರೆ ಸಬ್‌ವಾಲ್ಯೂಮ್ ಅಳಿಸಿ ಅದೊಂದನ್ನು ಮತ್ತೆ ಕಳಿಸಿ. ಪೂರ್ಣಗೊಂಡಿದ್ದರೆ ಸಬ್‌ವಾಲ್ಯೂಮ್ ಶೋನಲ್ಲಿ 'ರಿಸೀವ್ಡ್ ಯುಯುಐಡಿ' ತುಂಬಿರುತ್ತದೆ.

ಸ್ನ್ಯಾಪರ್‌ಗೆ ಸ್ನ್ಯಾಪ್‌ಶಾಟ್ ಒಂದೇ ಸಾಲದು, ಪಕ್ಕದಲ್ಲಿರುವ ಇನ್ಫೋ.ಎಕ್ಸ್‌ಎಂಎಲ್ ಫೈಲೂ ಬೇಕು. ದಿನಾಂಕ, ವಿವರಣೆ, ಪ್ರಿ-ಪೋಸ್ಟ್ (ಬದಲಾವಣೆಗೆ ಮುಂಚಿನ ಮತ್ತು ನಂತರದ) ಜೋಡಿ ಎಲ್ಲ ಅದರಲ್ಲೇ ಇವೆ. ಬಿಟಿಆರ್‌ಎಫ್‌ಎಸ್ ದಾಖಲೆಯಲ್ಲಿ ಎಲ್ಲಕ್ಕೂ ಇವತ್ತಿನ ಹುಟ್ಟಿದ ದಿನಾಂಕ ಬಿದ್ದಿದ್ದರೂ, ಸ್ನ್ಯಾಪರ್ ಆ ಫೈಲಿನ ದಿನಾಂಕವನ್ನೇ ನಂಬುತ್ತದೆ.

ಈಗಿನ ರೂಟ್ ಬರೆಯಬಹುದಾದದ್ದು, ಹಾಗೆಯೇ ಕಳಿಸಲಾಗದು. ಅದರ ಓದಲಿಕ್ಕೆ ಮಾತ್ರದ ಸ್ನ್ಯಾಪ್‌ಶಾಟ್ ತೆಗೆದು, ಕೊನೆಯ ಸ್ನ್ಯಾಪ್‌ಶಾಟಿನ ಆಧಾರದಲ್ಲಿ ಕಳಿಸಿ, ಆ ಕಡೆ ಅದರಿಂದ ಬರೆಯಬಹುದಾದ ಸ್ನ್ಯಾಪ್‌ಶಾಟ್ ಮಾಡಿ ಮೊದಲಿದ್ದ ಜಾಗದಲ್ಲೇ ಇಡಿ. ಓಪನ್‌ಸೂಸೆಯಲ್ಲಿ ಅದು ಸಾಮಾನ್ಯವಾಗಿ @/.ಸ್ನ್ಯಾಪ್‌ಶಾಟ್ಸ್/1/ಸ್ನ್ಯಾಪ್‌ಶಾಟ್. ಬಂದದ್ದನ್ನೇ ಪ್ರಾಪರ್ಟಿ ಸೆಟ್‌ನಿಂದ ಬರೆಯುವಂತೆ ಮಾಡುವ ಅಡ್ಡದಾರಿ ಬೇಡ. ರಿಸೀವ್ಡ್ ಯುಯುಐಡಿ ಉಳಿದುಕೊಂಡು ಒಳಗಿನ ಡೇಟಾ ಬದಲಾಗುತ್ತ ಹೋಗುತ್ತದೆ, ಮುಂದೆ ಅದರ ಮೇಲೆ ನಡೆಯುವ ಇನ್‌ಕ್ರಿಮೆಂಟಲ್ ಬ್ಯಾಕಪ್‌ಗಳು ಸುಳ್ಳಾಗುತ್ತವೆ. ಕೊನೆಗೆ ಸೆಟ್-ಡಿಫಾಲ್ಟ್ ಕೊಡಿ. ಎಫ್‌ಎಸ್‌ಟ್ಯಾಬ್‌ನಲ್ಲಿ ಹೊಸ ಯುಯುಐಡಿ ಹಾಕಿ. ಸಬ್‌ವಾಲ್‌ಐಡಿ ಅಂಕೆಗಳಿದ್ದರೆ ತೆಗೆದು ಸಬ್‌ವಾಲ್ ಹೆಸರು ಬರೆಯಿರಿ, ಏಕೆಂದರೆ ಅಂಕೆಗಳೂ ಬದಲಾಗಿರುತ್ತವೆ. ಇಎಫ್‌ಐ ಒಳಗಿನ ಗ್ರಬ್ ಸಂರಚನೆಯನ್ನೂ ಈ ದಾರಿಯಲ್ಲಿ ತಿದ್ದಲೇಬೇಕು.

ಹೋಮ್, ಆಪ್ಟ್, ವಾರ್ ಇತ್ಯಾದಿ ಸಬ್‌ವಾಲ್ಯೂಮ್‌ಗಳು ರೂಟ್ ಜೊತೆ ಹೋಗುವುದಿಲ್ಲ. ಅವುಗಳ ಜಾಗದಲ್ಲಿ ಖಾಲಿ ಫೋಲ್ಡರ್ ಬರುತ್ತದೆ. ಒಂದೊಂದನ್ನೂ ಬೇರೆಯಾಗಿ ಕಳಿಸಬೇಕು. ಓಪನ್‌ಸೂಸೆ /ವಾರ್ ಮೇಲೆ ಕಾಪಿ-ಆನ್-ರೈಟ್ (ಬದಲಾದದ್ದನ್ನು ಬೇರೆ ಜಾಗದಲ್ಲಿ ಬರೆಯುವ ಕ್ರಮ) ಆಫ್ ಮಾಡಿರುತ್ತದೆ. ಆ ಗುರುತು ಸೆಂಡ್‌ನಲ್ಲಿ ದಾಟದು. ಅದಕ್ಕೆ ಹೊಸ ಸಬ್‌ವಾಲ್ಯೂಮ್ ಮಾಡಿ, ಖಾಲಿಯಿರುವಾಗಲೇ ಚ್ಯಾಟರ್ +ಸಿ, ದೊಡ್ಡ ಅಕ್ಷರದ ಸಿ, ಕೊಟ್ಟು, ಆಮೇಲೆ ಆರ್‌ಸಿಂಕ್ ಮಾಡಿ. ಇಲ್ಲಿ ಮಾತ್ರ ಆರ್‌ಸಿಂಕ್ ಸರಿ, ಸ್ನ್ಯಾಪ್‌ಶಾಟ್ ಹಂಚಿಕೆ ಇಲ್ಲವಾದ್ದರಿಂದ. ವರ್ಚುವಲ್ ಮಷೀನ್ ಇಮೇಜ್‌ಗಳಿಗೂ ಇದೇ ಕ್ರಮ.

ಕಂಪ್ರೆಷನ್ ಬಳಸುತ್ತಿದ್ದರೆ ಹೊಸದನ್ನು ಅದೇ ಕಂಪ್ರೆಸ್ ಆಯ್ಕೆಯೊಂದಿಗೆ ಮೌಂಟ್ ಮಾಡಿಯೇ ರಿಸೀವ್ ನಡೆಸಿ. ಸಾಮಾನ್ಯ ಸೆಂಡ್ ಡೇಟಾವನ್ನು ಬಿಚ್ಚಿ ಕಳಿಸುತ್ತದೆ.

ಉಳಿದ ಎರಡು ದಾರಿ

ಡಿವೈಸ್ ಆ್ಯಡ್ ಮಾಡಿ ಹಳೆಯದನ್ನು ಡಿವೈಸ್ ರಿಮೂವ್ ಮಾಡುವ ವಿಧಾನದಲ್ಲೂ ಸ್ನ್ಯಾಪ್‌ಶಾಟ್ ಉಳಿಯುತ್ತವೆ. ಆದರೆ ಪ್ರತಿ ತುಣುಕೂ ಹೊಸ ವಿಳಾಸಕ್ಕೆ ಹೋಗುವಾಗ ಅದರ ಎಲ್ಲ ಹಕ್ಕುದಾರರ ದಾಖಲೆಯೂ ತಿದ್ದುಪಡಿಯಾಗಬೇಕು. ಹತ್ತಾರು ಸ್ನ್ಯಾಪ್‌ಶಾಟ್, ಮೇಲೆ ಕೋಟಾ ಕೂಡ ಆನ್ ಇದ್ದರೆ ನಿಮಿಷಗಳ ಕೆಲಸ ಗಂಟೆಗಟ್ಟಲೆ ಎಳೆಯುತ್ತದೆ. ಅನಿವಾರ್ಯವಾದರೆ ಮೊದಲು ಕೋಟಾ ಡಿಸೇಬಲ್ ಮಾಡಿ. ಮುಗಿದ ಮೇಲೆ ಸ್ನ್ಯಾಪರ್ ಕಾನ್ಫಿಗ್‌ನ ಕ್ಯೂಗ್ರೂಪ್ ಸಾಲು ಖಾಲಿ ಮಾಡಿ ಸ್ನ್ಯಾಪರ್ ಸೆಟಪ್-ಕೋಟಾ ಕೊಡಿ.

ಡಿಸ್ಕನ್ನು ಬೈಟ್ ಬೈಟಾಗಿ ನಕಲಿಸುವ ಡಿಡಿ ಬೇಡ. ಇಡೀ ಡಿಸ್ಕ್ ನಕಲಾಗಿ ಒಂದೇ ಯುಯುಐಡಿಯ ಎರಡು ಬಿಟಿಆರ್‌ಎಫ್‌ಎಸ್ ಯಂತ್ರದೊಳಗೆ ಕಾಣಿಸಿಕೊಳ್ಳುತ್ತವೆ. ಡಿಸ್ಕನ್ನು ಯುಯುಐಡಿಯಿಂದಲೇ ಗುರುತಿಸುವ ಫೈಲ್‌ಸಿಸ್ಟಮ್ ಇದು. ಯಾವುದಕ್ಕೆ ಬರೆಯುತ್ತಿದ್ದೇನೆ ಎಂಬ ಗೊಂದಲದಲ್ಲಿ ಎರಡೂ ಕೆಡಬಹುದು. ಮಾಡಿಯೇ ಆಗಿದ್ದರೆ ಮೌಂಟ್ ಮಾಡುವ ಮೊದಲು ಒಂದನ್ನು ಬಿಚ್ಚಿಡಿ.

ಸಾಗಿಸಿ ಬೂಟ್ ಆದ ಮೇಲೆ ಹೊಸ ಡಿಸ್ಕಿನ ಮೇಲೆ ಒಮ್ಮೆ ಸ್ಕ್ರಬ್ ಮಾಡಿ. ಸ್ನ್ಯಾಪರ್ ಲಿಸ್ಟ್‌ನಲ್ಲಿ 42 ಸ್ನ್ಯಾಪ್‌ಶಾಟ್ ಎಣಿಸಿ, ಯಾವುದಾದರೂ ಎರಡರ ನಡುವೆ ಸ್ನ್ಯಾಪರ್ ಸ್ಟೇಟಸ್ 120..123 ಎಂದು ಕೇಳಿ. ಬದಲಾದ ಫೈಲ್‌ಗಳ ಪಟ್ಟಿ ಬರಬೇಕು. ಕೊನೆಯದಾಗಿ ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಡಿಯು -ಎಸ್ ಅನ್ನು ಸ್ನ್ಯಾಪ್‌ಶಾಟ್‌ಗಳ ಮೇಲೆ ನಡೆಸಿ. 'ಟೋಟಲ್' ಕಾಲಮ್‌ನಲ್ಲಿ ತಲಾ 18 ಜಿಬಿ ಆಸುಪಾಸು ಕಂಡರೂ 'ಎಕ್ಸ್‌ಕ್ಲೂಸಿವ್' ಕಾಲಮ್‌ನಲ್ಲಿ ಕೆಲವು ಎಂಬಿಯಿಂದ ಒಂದೆರಡು ಜಿಬಿ ಮಾತ್ರ ಇದ್ದರೆ ಹಂಚಿಕೆ ಉಳಿದು ಬಂದಿದೆ. ಸೆಂಡ್ ದಾರಿ ಹಿಡಿದಿದ್ದು ಎರಡೂ ಕಾಲಮ್‌ನಲ್ಲಿ 18 ಕಂಡರೆ -ಪಿ ತಪ್ಪಿದೆ, ಆ ಸ್ನ್ಯಾಪ್‌ಶಾಟಿನಿಂದ ಮುಂದಕ್ಕೆ ಸರಪಳಿಯನ್ನು ಮತ್ತೆ ಕಳಿಸಬೇಕು.